ಉಸಿರಿನ ಸಂಕಟಕ್ಕೆ ಸಾಕ್ಷಿ ಯಾರು?

ಶ್ವಾಸಕೋಶದ ರೋಗಿಯೊಬ್ಬರು ಹಾಸಿಗೆಯಂಚಿನಲ್ಲಿ ಮುಂದಕ್ಕೆ ಬಾಗಿ ಕುಳಿತು, "ಸಿಸ್ಟರ್, ಉಸಿರು ಕಟ್ಟುತ್ತಿದೆ, ಆಕ್ಸಿಜನ್ ಜಾಸ್ತಿ ಮಾಡಿ" ಎಂದು ಅಂಗಲಾಚುತ್ತಾರೆ. ಬೆರಳಿಗೆ ಸಿಕ್ಕಿಸಿರುವ ಆಕ್ಸಿಮೀಟರ್ 95 ಎಂದು ತೋರಿಸುತ್ತಿದೆ. ದಾದಿ ಯಾರನ್ನು ನಂಬಬೇಕು? ಮೇಲ್ನೋಟಕ್ಕೆ ಇದು ವೈದ್ಯಶಾಸ್ತ್ರದ ಪ್ರಶ್ನೆ. ಆದರೆ ಮತ್ತೊಬ್ಬರ ನೋವಿಗೆ ಸಾಕ್ಷಿ ಯಾರೆಂಬ ನೀತಿಯ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಆ ಉಪಕರಣ ಅಂದಾಜು ಮಾಡುವುದು ರಕ್ತದಲ್ಲಿನ ಆಮ್ಲಜನಕವನ್ನು ಮಾತ್ರ. ಉಸಿರುಗಟ್ಟುವ ಸಂಕಟವನ್ನು ಅನುಭವಿಸುವವರೇ ಹೇಳಬೇಕು. ಅಲ್ಲದೆ, ಉಪಕರಣವೂ ತಪ್ಪುತ್ತದೆ. ಆಮ್ಲಜನಕದ ಕೊರತೆಯನ್ನು ಅದು ಗುರುತಿಸದೆ ಹೋದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು 3 ಪಟ್ಟು ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಿಳಿಸಿತು. ನಮ್ಮ ಮೈಬಣ್ಣದವರು ಇದನ್ನು ಲಘುವಾಗಿ ಕಾಣುವಂತಿಲ್ಲ.

ಹಾಗೆಂದು, ನಂಬುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದೆಂದು ಅರ್ಥವಲ್ಲ. ವರ್ಷಗಟ್ಟಲೆ ಬೀಡಿಯ ಹೊಗೆಯನ್ನೋ, ನಮ್ಮ ಹಳ್ಳಿಯ ತಾಯಂದಿರಂತೆ ಸೌದೆ ಒಲೆಯ ಹೊಗೆಯನ್ನೋ ಕುಡಿದು ಶ್ವಾಸನಾಳಗಳು ಕಿರಿದಾಗುವ ರೋಗವನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. ಇಂಥವರಲ್ಲಿ ಕೆಲವರಿಗೆ ಅತಿಯಾದ ಆಮ್ಲಜನಕ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಕವಿದು, ಪ್ರಾಣಕ್ಕೇ ಅಪಾಯವಾಗಬಹುದು. ಅವರಿಗೆ 88ರಿಂದ 92ರವರೆಗೆ ಸಾಕು; 95 ಹೆಚ್ಚೇ ಆದೀತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ರೋಗ ದೃಢಪಟ್ಟವರ ಪೈಕಿ ಧಾರಾಳವಾಗಿ ಆಮ್ಲಜನಕ ಪಡೆದವರಲ್ಲಿ ಶೇಕಡ 9 ಮಂದಿ ತೀರಿಕೊಂಡರು. ಅಳೆದು ಪಡೆದವರಲ್ಲಿ ಶೇಕಡ 2 ಮಂದಿ. ತಂದೆಯ ಮೇಲಿನ ಪ್ರೀತಿಯಿಂದ ಮಗ ಸಿಲಿಂಡರಿನ ತಿರುಪನ್ನು ಏರಿಸುತ್ತಾನೆ, ದಾದಿ ಬಂದು ಇಳಿಸುತ್ತಾಳೆ. ಪಕ್ಕದ ಹಾಸಿಗೆಯವರ ಕಣ್ಣಿಗೆ ಆಕೆ ಕಲ್ಲುಹೃದಯದವಳು! ಸದ್ಗುಣಗಳಿಗೆ ವಿವೇಕವೇ ದಾರಿ ತೋರಬೇಕೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದು ಇಂಥ ಕಡೆಯೇ ನೆನಪಾಗುತ್ತದೆ.

ತಿರುಪು ಇಳಿಸಿದವಳು ಅಲ್ಲಿಂದ ಹೊರಟುಹೋದರೆ ಮಾತ್ರ ಆ ಕಠಿಣಹೃದಯದ ಆರೋಪ ನಿಜವಾದೀತು. ತರಬೇತಿ ಪಡೆದ ದಾದಿಗೆ ಆಗಲೇ ನಿಜವಾದ ಕೆಲಸ ಆರಂಭ. ಆಕೆ ವೈದ್ಯರಿಗೆ ಸುದ್ದಿ ಮುಟ್ಟಿಸುತ್ತಾಳೆ. ರೋಗಿಯ ಮುಂದೆ ಮೇಜಿಟ್ಟು, ದಿಂಬಿನ ಮೇಲೆ ಮೊಣಕೈ ಊರಿಸಿ ಕೂರಿಸುತ್ತಾಳೆ. ತುಟಿಗಳನ್ನು ಸೀಟಿ ಊದುವಂತೆ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡುವುದನ್ನು ತಾನೂ ಮಾಡಿ ತೋರಿಸುತ್ತಾಳೆ. ಮುಖಕ್ಕೆ ಬೀಸಣಿಗೆಯಿಂದ ಗಾಳಿ ಹಾಕುತ್ತಾಳೆ. ಬೀಸಣಿಗೆಯೆಂದು ನಗಬೇಡಿ, ಮುಖಕ್ಕೆ ತಾಗುವ ಗಾಳಿ ಸಂಕಟವನ್ನು ಹಗುರಗೊಳಿಸುವುದು ಸಂಶೋಧನೆಯಿಂದಲೂ ತಿಳಿದುಬಂದಿದೆ. ಮಾತಾಡಲಾರದವರಿಗೆ ತಲೆಯಾಡಿಸಿದರೆ ಸಾಕಾಗುವ ಪ್ರಶ್ನೆಗಳನ್ನೇ ಕೇಳುವುದೂ ಕಲಿಯಬೇಕಾದ ವಿದ್ಯೆಯೇ.

ಇವೆಲ್ಲ ಪುಸ್ತಕಗಳಲ್ಲಿವೆ. ಆದರೆ ರೋಗಿಯ ಮಾತನ್ನು ನಂಬುವ ಗುಣವನ್ನು ಕಿರಿಯರು ವಾರ್ಡಿನಲ್ಲಿ ಹಿರಿಯ ದಾದಿಯನ್ನು ನೋಡಿಯೇ ಕಲಿಯುವುದು. "ರೀಡಿಂಗ್ ಸರಿಯಿದೆ, ಸುಮ್ಮನೆ ಹೆದರುತ್ತಿದ್ದೀರಿ" ಎಂದು ಹಿರಿಯಳು ಗದರಿದರೆ ಕಿರಿಯಳೂ ಅದನ್ನೇ ಕಲಿಯುತ್ತಾಳೆ. ಅವಳನ್ನಷ್ಟೇ ದೂರುವುದೂ ನ್ಯಾಯವಲ್ಲ. ರಾತ್ರಿಪಾಳಿಯಲ್ಲಿ ಒಬ್ಬಳ ಪಾಲಿಗೆ ಮೂವತ್ತು ಹಾಸಿಗೆ ವಹಿಸಿ, ಸೇವಾಮನೋಭಾವ ಸಾಲದೆಂದು ಉಪದೇಶಿಸುವ ಆಡಳಿತ, ಅದು ನಮ್ಮ ಧರ್ಮಸಭೆಯ ಆಸ್ಪತ್ರೆಯದೇ ಆಗಿರಲಿ, ಮೊದಲು ತನ್ನನ್ನು ಪ್ರಶ್ನಿಸಿಕೊಳ್ಳಲಿ. ಇನ್‌ಹೇಲರನ್ನು ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದುಕೊಂಡು, ಹತ್ತರವರೆಗೆ ಎಣಿಸುವುದನ್ನು ಒಬ್ಬ ವೃದ್ಧೆಗೆ ಕಲಿಸಬೇಕಾದರೆ, ಆಕೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಲೇಬೇಕು.