ಮೆಕ್ಯಾನಿಕ್ಕನ ಮಾತೂ ಪ್ರಮಾಣವೇ?

ಬಂಡೀಪುರದ ಅಂಚಿನ ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ 9ಕ್ಕೆ ಗೇಟು ಬೀಳುತ್ತದೆ. 2009ರಿಂದ ಹೀಗೇ, ಕೇರಳದ ಬತ್ತೇರಿ ಕಡೆಗೆ ಹೋಗುವ ಲಾರಿಗಳು ಬೆಳಗ್ಗೆ 6ರವರೆಗೆ ಕಾಯಬೇಕು. ಆ ಸಾಲಿನಲ್ಲಿ ಲಾರಿಯೊಂದು ಕೆಟ್ಟರೆ ಗುಂಡ್ಲುಪೇಟೆಯಿಂದ ಮೆಕ್ಯಾನಿಕ್ ಬಂದು ಅಡಿಯಲ್ಲಿ ಮಲಗುತ್ತಾನೆ, ಡ್ರೈವರ್ ಟಾರ್ಚು ಹಿಡಿದು ಪಕ್ಕದಲ್ಲೇ ಕೂರುತ್ತಾನೆ. ರಿಪೇರಿ ನೆಟ್ಟಗಾಯಿತೋ ಇಲ್ಲವೋ ಎಂಬುದು ನಾಲ್ಕು ಮೈಲಿ ಹೋಗುವುದರೊಳಗೆ ಗೊತ್ತಾಗುತ್ತದೆ. ಆನೆ ಅಡ್ಡ ನಿಂತಿರದಿದ್ದರೆ, ಗಾಡಿಯನ್ನು ಪಕ್ಕಕ್ಕೆ ಹಾಕಿಕೊಳ್ಳಬಹುದು.

ವಿಮಾನಕ್ಕೆ ಆ ಪಕ್ಕ ಎಂಬುದಿಲ್ಲ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಪುಷ್ಪಕ್ ಎಂಬ ಪುಟ್ಟ ವಿಮಾನವನ್ನೇ ತೆಗೆದುಕೊಳ್ಳಿ. 1958ರ ಸೆಪ್ಟೆಂಬರ್‌ನಲ್ಲಿ ಅದು ಮೊದಲ ಸಲ ಹಾರಿತು. ಇಬ್ಬರಿಗೆ ಜಾಗ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಡೋಪ್ ಎಂಬ ಮೆರುಗೆಣ್ಣೆ ಬಳಿದು ಬಿಗಿ ಮಾಡಿದ ಬಟ್ಟೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳ ಓನಾಮ ಇದರಲ್ಲೇ ಆಯಿತು. ಇಷ್ಟು ಸರಳವಾದ ಯಂತ್ರವನ್ನು ಇಂದು ಯಾರಾದರೂ ಹಾರಿಸಹೊರಟರೆ ಮೊದಲು ಎದುರಾಗುವ ತೊಡಕು ಎಂಜಿನ್ನಿನದಲ್ಲ, ಅದನ್ನು ನೋಡಿಕೊಳ್ಳುವ ಮನುಷ್ಯನದು. ನಮ್ಮ ನಿಯಮಗಳಲ್ಲಿ ಪಿಸ್ಟನ್ ಎಂಜಿನ್ ವಿಮಾನಕ್ಕೂ ಟರ್ಬೈನ್ ವಿಮಾನಕ್ಕೂ ಲೈಸೆನ್ಸು ಬೇರೆ ಬೇರೆ. ಓದುವ ಹುಡುಗರ ಕಣ್ಣು ಸಹಜವಾಗಿಯೇ ದೊಡ್ಡ ವಿಮಾನ ಕಂಪನಿಗಳ ಕೆಲಸದ ಮೇಲೆ. ಬಟ್ಟೆಯ ರೆಕ್ಕೆಯನ್ನು ಹೊಲಿಯಲು ಬಲ್ಲ ಕೈಗಳೋ ನಿವೃತ್ತವಾಗುತ್ತಿವೆ.

ಆದರೂ ಒಬ್ಬ ಸಿಕ್ಕ ಎನ್ನೋಣ. ಅವನು ಕೆಲಸ ಮುಗಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕುತ್ತಾನೆ. ಆ ಬಟ್ಟೆಯ ಒಳಗೆ ಏನಿದೆ ಎಂದು ಪೈಲಟ್‌ಗೆ ಕಾಣುವುದಿಲ್ಲ; ಅವನ ಪಾಲಿಗೆ ಉಳಿಯುವುದು ಒಂದು ಸಹಿ, ಅಂದರೆ ಇನ್ನೊಬ್ಬನ ಮಾತು. ಹಾಗೆ ನಂಬುವುದು ತಿಳಿವಳಿಕೆಯೋ, ಬರೀ ಧೈರ್ಯವೋ?

ಭಾರತದ ದರ್ಶನಗಳು ಜಗಳವಾಡಿದ್ದು ಇದೇ ಪ್ರಶ್ನೆಯ ಮೇಲೆ. ಚಾರ್ವಾಕನಿಗೆ ಕಣ್ಣಾರೆ ಕಂಡದ್ದಷ್ಟೇ ಪ್ರಮಾಣ, ಅಂದರೆ ಜ್ಞಾನದ ದಾರಿ. ಪುಷ್ಪಕ್ ಹತ್ತುವ ಮೊದಲು ಅವನು ರೆಕ್ಕೆಯ ಬಟ್ಟೆಯನ್ನೆಲ್ಲ ಸೀಳಿ ನೋಡಬೇಕಾದೀತು, ಆಮೇಲೆ ಹಾರುವ ಮಾತೇ ಇಲ್ಲ. ಬೌದ್ಧ ತಾರ್ಕಿಕ ದಿಙ್ನಾಗ ಇನ್ನೂ ಜಾಣ. ಮಾತನ್ನು ನಂಬುವುದೆಂದರೆ ಅದೂ ಒಂದು ಅನುಮಾನವೇ, ಆಡಿದವನು ನೆಚ್ಚಬಹುದಾದವನು ಎಂಬುದರಿಂದ ಹೊರಟ ಊಹೆ ಎನ್ನುವುದು ಅವನ ವಾದ. ನ್ಯಾಯ ದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ. ಬಲ್ಲವನ ಮಾತು ತನ್ನಷ್ಟಕ್ಕೇ ಜ್ಞಾನದ ದಾರಿ ಎಂದರು. ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ ಅಂಥವನಿಗೆ ಹಾಕಿದ ಷರತ್ತು ಎರಡು: ವಿಷಯವನ್ನು ಸ್ವತಃ ಕಂಡು ಅರಿತಿರಬೇಕು, ಕಂಡದ್ದನ್ನು ಕಂಡಂತೆಯೇ ಹೇಳುವ ಇಚ್ಛೆ ಇರಬೇಕು. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಲಕ್ಷಣ ಎಲ್ಲರಿಗೂ ಒಂದೇ ಎಂದೂ ಸೇರಿಸಿದ. ಕುಲ ಕೇಳದ ಈ ಮಾತನ್ನು ಹ್ಯಾಂಗರಿನ ಬಾಗಿಲಲ್ಲಿ ಬರೆಸಿ ಹಾಕಬಹುದು.

ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಈ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತಾನೆ. 1903ರ ವಿಮಾನಕ್ಕೆ ಸುಮಾರು ಆರು ವಾರಗಳಲ್ಲಿ ಎಂಜಿನ್ ಕಟ್ಟಿಕೊಟ್ಟವನು ಅವನೇ. ಆಗ ವಿಮಾನ ಮೆಕ್ಯಾನಿಕ್ಕಿನ ಲೈಸೆನ್ಸು ಎಂಬುದೇ ಇರಲಿಲ್ಲ. ಸಹೋದರರಿಗೆ ಇದ್ದದ್ದು ಅವನ ಕೈಯ ಪರಿಚಯ ಮಾತ್ರ. ಇಂದು ಲೈಸೆನ್ಸು ವಾತ್ಸ್ಯಾಯನನ ಮೊದಲ ಷರತ್ತನ್ನು ಒಂದಷ್ಟು ಅಳೆಯುತ್ತದೆ. ಎರಡನೆಯದನ್ನು, ತಾನು ಬಿಚ್ಚಿ ನೋಡದ್ದನ್ನು ನೋಡಿದೆ ಎಂದು ಬರೆಯದಿರುವ ಗುಣವನ್ನು, ಯಾವ ಪರೀಕ್ಷೆ ಅಳೆದೀತು? ಇಲ್ಲಿ ದಿಙ್ನಾಗನೂ ಬೇಕಾಗುತ್ತಾನೆ. ಮೆಕ್ಯಾನಿಕ್ಕನನ್ನು ಹುಡುಕುವಾಗ ಮಾಲೀಕ ಮಾಡುವುದು ಅನುಮಾನವೇ: ಹಿಂದೆ ಯಾರ ವಿಮಾನ ನೋಡಿದ್ದ, ಅದು ಹೇಗೆ ಹಾರಿತು? ಒಪ್ಪಿಸಿದ ಮೇಲೆ, ನೆಲದಿಂದ ಎರಡು ಸಾವಿರ ಅಡಿ ಮೇಲೆ, ಊಹೆ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ನ್ಯಾಯದವರದೇ ಗೆಲುವು.

ಹಳೆಯ ವಿಮಾನದ ಮೈಮೇಲಿನ ಬರಹವೂ ಎಲ್ಲವನ್ನೂ ಹೇಳುವುದಿಲ್ಲ. ರಾಜಕಾರಣಿ ರಾಜೀವ್ ಚಂದ್ರಶೇಖರ್ 2018ರಲ್ಲಿ ವಾಯುಪಡೆಗೆ ಕೊಟ್ಟ ಡಕೋಟಾ ವಿಮಾನ ಬ್ರಿಟನ್ನಿನಲ್ಲಿ ದುರಸ್ತಿಯಾಗಿ ಬಂತು. ಅದರ ಮೇಲಿರುವ ವಿಪಿ 905 ಎಂಬ ಸಂಖ್ಯೆ ಅದರ ಸ್ವಂತದ್ದಲ್ಲ, 1947ರಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಹೊತ್ತ ಇನ್ನೊಂದು ಡಕೋಟಾದ್ದು. ಗೌರವಕ್ಕಾಗಿ ಬರೆದದ್ದು, ತಪ್ಪೇನಿಲ್ಲ. ಆದರೆ ವಿಮಾನದ ನಿಜವಾದ ಚರಿತ್ರೆ ಬೇಕಾದವರು ಬಣ್ಣ ಬಿಟ್ಟು ಲಾಗ್‌ಬುಕ್ ತೆರೆಯಬೇಕು, ಅಲ್ಲಿಯೂ ಸಿಗುವುದು ಸಾಲುಸಾಲು ಸಹಿಗಳೇ.

ಇಷ್ಟಾಗಿಯೂ ವಿಮಾನಯಾನದವರು ಒಂದು ಕಡೆ ಒಬ್ಬನ ಮಾತಿಗೆ ಬಿಡುವುದಿಲ್ಲ. ವಿಮಾನವನ್ನು ತಿರುಗಿಸುವ, ಏರಿಳಿಸುವ ಕೇಬಲ್ಲುಗಳನ್ನು ಬಿಚ್ಚಿ ಜೋಡಿಸಿದರೆ ಅರ್ಹತೆಯಿರುವ ಇನ್ನೊಬ್ಬರು ಬೇರೆಯಾಗಿ ಪರೀಕ್ಷಿಸಿ ಸಹಿ ಹಾಕಬೇಕು. ಪುಷ್ಪಕ್ ಬಲ್ಲ ಒಬ್ಬನನ್ನು ಅಂತೂ ಹಿಡಿದು ತಂದ ಮಾಲೀಕ, ಕೇಬಲ್ ಬದಲಿಸಿದ ದಿನ ಇನ್ನೊಬ್ಬನಿಗಾಗಿ ಮತ್ತೆ ಫೋನು ತಿರುಗಿಸಬೇಕು.