ಆವರಣ

ಬೇಲೂರಿನ ಚೆನ್ನಕೇಶವಾಲಯವನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಕತ್ತಲೆ. ೧೧೧೭ರಲ್ಲಿ ವಿಷ್ಣುವರ್ಧನನು ದೇವರನ್ನು ಪ್ರತಿಷ್ಠಿಸಿದ ಕಾಲಕ್ಕೆ ನವರಂಗವು ತೆರೆದೇ ಇದ್ದಿತೆಂದೂ, ಜಾಲಂಧ್ರಗಳು ಅನಂತರ ಬಂದುವೆಂದೂ ಬಲ್ಲವರು ಹೇಳುತ್ತಾರೆ. ಬಿಸಿಲು ಮಳೆಗಳಿಗೆ ತಡೆಯಾಯಿತು. ಒಳಗಣ ಶಿಲ್ಪಕ್ಕೆ ಬೆಳಕು ಕಡಮೆಯಾಯಿತು. ಕಾಯುವುದೂ ಮರೆಸುವುದೂ ಒಂದೇ ಕಲ್ಲು.

ನಮ್ಮ ವಾಯುಮಂಡಲವೂ ಅಂತಹ ಜಾಲಂಧ್ರವೇ. ಕಣ್ಣಿನ ಬೆಳಕನ್ನು ಒಳಬಿಟ್ಟು, ಎಕ್ಸ್-ಕಿರಣಗಳನ್ನೂ ಅತಿನೇರಿಳೆ ಕಿರಣಗಳ ಬಹುಭಾಗವನ್ನೂ ಅದು ತಡೆಯುತ್ತದೆ. ತಡೆಯದಿದ್ದರೆ ನಾವು ಬದುಕಿರುತ್ತಿರಲಿಲ್ಲ. ಆದರೆ ದೂರದ ಕೆಲವು ತಾರಾಸಮೂಹಗಳ ನಡುವೆ ಬೃಹತ್ತಾದ ಕೃಷ್ಣವಿವರಗಳುಂಟು. ಅವುಗಳೊಳಗೆ ಬೀಳುವ ದ್ರವ್ಯವು ಕಾದು ಬೆಳಗುತ್ತದೆ. ಇವನ್ನು ಸಕ್ರಿಯ ಗೆಲಾಕ್ಸಿಗಳೆನ್ನುವರು. ಅವುಗಳ ಒಳಗುಟ್ಟು ತಿಳಿಯುವುದು ಬಹುಮಟ್ಟಿಗೆ ಆ ತಡೆಹಿಡಿದ ಕಿರಣಗಳಿಂದಲೇ. ಅದನ್ನು ಓದಲೆಂದು ೨೦೧೫ರ ಸೆಪ್ಟೆಂಬರ್ ೨೮ರಂದು ನಮ್ಮ ದೇಶದ ಆಸ್ಟ್ರೋಸ್ಯಾಟ್ ಶ್ರೀಹರಿಕೋಟೆಯಿಂದೇರಿ, ೬೫೦ ಕಿಲೋಮೀಟರ್ ಎತ್ತರದಲ್ಲಿ ನೆಲೆಗೊಂಡಿತು. ಇಂತಹ ನೌಕೆಗಳು ಕಂಡ ಒಂದು ಸಂಗತಿಯನ್ನು ನೋಡಿರಿ. ಕೆಲವು ಸಕ್ರಿಯ ಗೆಲಾಕ್ಸಿಗಳ ಎಕ್ಸ್-ಕಿರಣ ಕಾಂತಿಯು ಕೆಲವೇ ಗಂಟೆಗಳಲ್ಲಿ ಏರಿಳಿಯುತ್ತದೆ. ಆದುದರಿಂದ ಅದು ಹೊರಡುವ ಎಡೆಯು, ಬೆಳಕು ಕೆಲವು ಗಂಟೆಗಳಲ್ಲಿ ದಾಟುವುದಕ್ಕಿಂತ ಹೆಚ್ಚು ಅಗಲವಿರಲಾರದು. ಕೋಟ್ಯಂತರ ಸೂರ್ಯರ ಪ್ರಭೆ, ನಮ್ಮ ಸೌರಮಂಡಲದಷ್ಟು ಜಾಗದಲ್ಲಿ!

ಶನಿಯ ಉಪಗ್ರಹವಾದ ಟೈಟನ್‌ಗೂ ದಟ್ಟವಾದ ಆವರಣವುಂಟು. ಅಲ್ಲಿ ಮೀಥೇನ್ ಅನಿಲವಿರುವುದನ್ನು ೧೯೪೪ರಲ್ಲಿ ಕೈಪರ್ ಕಂಡನು. ೧೯೮೦ರಲ್ಲಿ ವಾಯೇಜರ್ ಹತ್ತಿರ ಹಾಯ್ದರೂ ಕಿತ್ತಳೆಬಣ್ಣದ ಮಬ್ಬಿನ ಹೊರತು ನೆಲ ಕಾಣಲಿಲ್ಲ. ೨೦೦೫ರ ಜನವರಿ ೧೪ರಂದು ಹೈಗನ್ಸ್ ಇಳಿದ ಮೇಲೆಯೇ ಆ ನೆಲದ ದುಂಡುಗಲ್ಲುಗಳು ಕಂಡುವು. ಅಲ್ಲಿ ಒಬ್ಬ ಪಂಡಿತನಿರುವನೆಂದು ಭಾವಿಸೋಣ. ಮಳೆಯನ್ನೂ ಸರೋವರವನ್ನೂ ಆತನು ಚೆನ್ನಾಗಿ ಬಲ್ಲನು. ಅಲ್ಲಿ ಸುರಿಯುವುದು ಮೀಥೇನ್, ಇರಲಿ. ನಕ್ಷತ್ರವೆಂಬ ಪದ ಮಾತ್ರ ಆತನ ಕೋಶದಲ್ಲಿಲ್ಲ. ಆತನು ಮೂಢನಲ್ಲ, ಆದರೂ ಲೋಕವು ಮಬ್ಬಿನೊಡನೆ ಮುಗಿಯಿತೆಂದು ಪ್ರಮಾಣಪೂರ್ವಕವಾಗಿ ಸಾಧಿಸಬಲ್ಲನು!

ವೇದಾಂತಿಗಳು ಆವರಣವನ್ನು ಅವಿದ್ಯೆಯ ಶಕ್ತಿಯೆಂದರು, ಕಳೆಯಬೇಕಾದ ತೆರೆಯೆಂದರು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಈಗ ಸಂಶಯ ಬಂದಿದೆ. ಪ್ರಾಣವನ್ನು ಕಾಯುವ ತೆರೆಯನ್ನು ಹರಿಯುವುದು ಯಾವ ಜ್ಞಾನ? ಮನೆಯ ಕಟ್ಟಳೆ, ಕುಲದ ಆಚಾರಗಳೂ ಇಂತಹವೇ ಅಲ್ಲವೆ? ಅವುಗಳ ಒಳಗೆ ಬೆಳೆದೆವು. ಅವು ಮರೆಸಿದುದೆಷ್ಟೆಂದು ಒಳಗಿದ್ದೇ ಅರಿಯಲಾರೆವು. ಆಸ್ಟ್ರೋಸ್ಯಾಟ್ ತೆರೆಯನ್ನು ಹರಿಯಲಿಲ್ಲ. ಹೊರಗೆ ನಿಂತು ಒಳಗಿನವರಿಗೆ ಸುದ್ದಿ ಕಳುಹಿಸಿತು. ನಮ್ಮ ಮನೆಗಳಿಂದ ಹಾಗೆ ಹೊರಹೋದ ಮಗನೋ ಮಗಳೋ ಕಂಡುದನ್ನು ಬರೆದಾಗ, ಆ ಕಾಗದವನ್ನು ಪೂರ್ತಿ ಓದಿದ ಹಿರಿಯರೆಷ್ಟು ಮಂದಿ?