ಊರು ಬಿಡುವುದಕ್ಕೆ ಒಂದೇ ಕಾರಣವೇ?



2011ರ ಜನಗಣತಿಯ ಸಮಯದಲ್ಲಿ ನಿಮ್ಮ ಮನೆಗೂ ಗಣತಿದಾರರೊಬ್ಬರು ಬಂದಿರಬೇಕು. ನಮ್ಮ ಬೀದಿಗೆ ಬಂದವರು ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕಿ. ಬಿಸಿಲಿನಲ್ಲಿ ಅಲೆದು ಬಳಲಿದ್ದ ಅವರು ನೀರು ಕುಡಿದು, ಹೆಸರು, ವಯಸ್ಸು, ಮಾತೃಭಾಷೆಗಳನ್ನು ಬರೆದುಕೊಂಡ ಮೇಲೆ, ಇದಕ್ಕೆ ಮೊದಲು ನೀವು ಎಲ್ಲಿ ವಾಸವಾಗಿದ್ದಿರಿ, ಅಲ್ಲಿಂದ ಇಲ್ಲಿಗೆ ಬರಲು ಕಾರಣವೇನು ಎಂದು ಕೇಳಿದರು. ಅವರ ನಮೂನೆಯಲ್ಲಿ ಏಳು ಕಾರಣಗಳಿದ್ದವು: ಕೆಲಸ ಅಥವಾ ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ, ಮದುವೆ, ಹುಟ್ಟಿದ ನಂತರದ ಸ್ಥಳಾಂತರ, ಕುಟುಂಬದೊಡನೆ ಸ್ಥಳಾಂತರ, ಮತ್ತು ಇತರೆ. ಒಬ್ಬರಿಗೆ ಒಂದೇ ಕಾರಣ.

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಎಂದು ಬರೆಯಿರಿ ಮೇಡಂ" ಎಂದೆ. ಅದು ಸುಳ್ಳಾಗಿರಲಿಲ್ಲ. ಬಾಗಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ನನ್ನ ತಾಯಿಯ ಸರದಿ ಬಂದಾಗ ಶಿಕ್ಷಕಿ ತಾವೇ, "ಅಜ್ಜಿಯವರದು ಕುಟುಂಬದೊಡನೆ, ಅಲ್ಲವೇ?" ಎಂದರು. ಅಮ್ಮ ನಕ್ಕರು. "ನನಗೆ ಕಾರಣ ಎಲ್ಲಿಂದ ಬರಬೇಕವ್ವ? ಇವನು ಹೊರಟ, ನಾನೂ ಹೊರಟೆ."

ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಜನರು ಊರನ್ನು ಏಕೆ ಬಿಡುತ್ತಾರೆ ಎಂಬ ಪ್ರಶ್ನೆಗೆ ನಾವು ಹಣ, ಕೆಲಸ, ಬದುಕಿನ ರೀತಿ ಎಂದು ಸಲೀಸಾಗಿ ಉತ್ತರಿಸುತ್ತೇವೆ. ಈ ಮೂರನ್ನೂ ಒಮ್ಮೆ ತಕ್ಕಡಿಗೆ ಹಾಕಿ ನೋಡಬೇಕೆಂದು ನನ್ನ ಆಸೆ. ಆದರೆ ತಕ್ಕಡಿಯನ್ನು ಯಾರು ಹಿಡಿದಿದ್ದಾರೆ ಎಂಬುದನ್ನೂ ಜೊತೆಯಲ್ಲೇ ಕೇಳಿಕೊಳ್ಳಬೇಕಾಗಿದೆ.

ಹಣದಿಂದಲೇ ಆರಂಭಿಸೋಣ. 1998ರಲ್ಲಿ ಹಾಸನದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ತಿಂಗಳಿಗೆ 2,800 ರೂಪಾಯಿ ಸಂಬಳವಿತ್ತು. ಬೆಂಗಳೂರಿನಲ್ಲಿ 5,500 ಕೊಡುತ್ತೇವೆ ಎಂದರು. ಹೆಚ್ಚುಕಡಿಮೆ ಎರಡರಷ್ಟು! ಇಂಥ ಅಂಕಿಯ ಮುಂದೆ ಯಾರು ತಾನೇ ಯೋಚಿಸುತ್ತಾ ನಿಲ್ಲುತ್ತಾರೆ? ಬಂದ ಮೊದಲ ವಾರವೇ ಬಾಡಿಗೆ 1,500 ರೂಪಾಯಿಯ ಎರಡು ಕೋಣೆಯ ಮನೆಗೆ, ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದು 15,000 ರೂಪಾಯಿ ಕೊಡಬೇಕಾಯಿತು. ನನ್ನ ಹೆಂಡತಿಯ ಎರಡು ಬಳೆಗಳು ಗಿರವಿ ಅಂಗಡಿಗೆ ಹೋದವು. ಆಮೇಲೆ ಒಂದೊಂದಾಗಿ ತಿಳಿಯುತ್ತಾ ಬಂದದ್ದೇನೆಂದರೆ, ಊರಿನಲ್ಲಿ ನಮ್ಮ ಬದುಕಿನ ಎಷ್ಟೋ ವಸ್ತುಗಳಿಗೆ ಬೆಲೆಯೇ ಇರಲಿಲ್ಲ. ತೆಂಗಿನಕಾಯಿ ಹಿತ್ತಲಿನದು, ಸೊಪ್ಪು ಗದ್ದೆಯ ಬದುವಿನದು, ರಾಗಿ ಅಣ್ಣನ ಹೊಲದ್ದು. ಮಗುವಿಗೆ ಜ್ವರ ಬಂದರೆ ರಾತ್ರಿ ಕುಳಿತಿರಲು ಪಕ್ಕದ ಮನೆಯ ಅತ್ತೆ ಇದ್ದರು. ಇವೆಲ್ಲವೂ ಸಂಬಳದ ಚೀಟಿಯಲ್ಲಿ ಕಾಣದ ಆದಾಯ. ಅದನ್ನು ಕಳೆದುಕೊಂಡ ಮೇಲಷ್ಟೇ ಅದು ಆದಾಯವಾಗಿತ್ತೆಂದು ತಿಳಿಯಿತು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಎರಡರಷ್ಟು ಸಂಬಳದಿಂದ ಕೈಯಲ್ಲಿ ಉಳಿದದ್ದು ಹಾಸನದಲ್ಲಿ ಉಳಿಯುತ್ತಿದ್ದುದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಲೆಕ್ಕ ಬರೆಯುವುದೇ ಕಸುಬಾಗಿದ್ದವನು ತನ್ನ ಮನೆಯ ಲೆಕ್ಕದಲ್ಲಿ ಹೀಗೆ ತಪ್ಪಿದ!

ಹಾಗಾದರೆ ಮರಳಿ ಹೋಗಲಿಲ್ಲವೇಕೆ? ಅರ್ಥಶಾಸ್ತ್ರಜ್ಞ ಮೈಕೆಲ್ ಟೊಡಾರೊ ಅವರು 1969ರಲ್ಲಿ, ನಗರದಲ್ಲಿ ನಿರುದ್ಯೋಗ ಕಣ್ಣಿಗೆ ಕಾಣುವಂತಿದ್ದರೂ ಹಳ್ಳಿಯ ಜನ ಅಲ್ಲಿಗೆ ಏಕೆ ಬರುತ್ತಲೇ ಇರುತ್ತಾರೆ ಎಂದು ವಿಚಾರ ಮಾಡಿದರು. ಅವರು ಕಂಡುಕೊಂಡ ಉತ್ತರವನ್ನು ಸರಳವಾಗಿ ಹೇಳುವುದಾದರೆ, ವಲಸೆ ಹೋಗುವವನು ಇಂದಿನ ಸಂಬಳವನ್ನು ನೋಡುವುದಿಲ್ಲ. ಮುಂದೆ ಸಿಗಬಹುದಾದ ಸಂಬಳವನ್ನೂ ಅದು ಸಿಗುವ ಸಂಭವವನ್ನೂ ನೋಡುತ್ತಾನೆ. ಇದು ಲಾಟರಿ ಕೊಳ್ಳುವವನ ಲೆಕ್ಕದಂತೆ ತೋರಬಹುದು, ಆದರೆ ಮೂರ್ಖತನವಲ್ಲ. ನಾನು ಉಳಿದುಕೊಂಡದ್ದೂ ಹೀಗೆಯೇ: ಮಗಳು ಓದುತ್ತಾಳೆ, ಇಂದಲ್ಲ ನಾಳೆ ಬಡ್ತಿ ಬರುತ್ತದೆ ಎಂಬ ನಿರೀಕ್ಷೆಯಿಂದ. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಬೆಂಗಳೂರಿಗೆ ಹೋದವನು ಸೋತು ಬಂದ ಎಂದು ಊರಿನವರು ಆಡಿಕೊಳ್ಳುವರಲ್ಲಾ ಎಂಬ ನಾಚಿಕೆ.

ಕೆಲಸದ ವಿಷಯಕ್ಕೆ ಬಂದರೆ, ನಮ್ಮ ನಾಡಿನಲ್ಲಿ ಕೋಲಾರದ ಚಿನ್ನದ ಗಣಿಗಿಂತ ದೊಡ್ಡ ಪಾಠ ನನಗೆ ಕಾಣುವುದಿಲ್ಲ. 1880ರ ದಶಕದಲ್ಲಿ ಬ್ರಿಟಿಷ್ ಸಂಸ್ಥೆ ಅಲ್ಲಿ ಗಣಿಗಾರಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ಬಡವರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಅವರಲ್ಲಿ ಬಹುಪಾಲು ದಲಿತರು, ಹಲವರು ಕ್ರೈಸ್ತರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಆ ಗಣಿಗಳು ವಿದ್ಯುತ್ತನ್ನು ಕಂಡವು. ಗಣಿಯ ಸುರಂಗಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವು. ಕೆಳಗೆ ಸಹಿಸಲಾರದ ಸೆಕೆ. ಬಂಡೆಯ ಧೂಳು ಶ್ವಾಸಕೋಶವನ್ನು ತಿನ್ನುತ್ತಿತ್ತು. ಇಷ್ಟಾದರೂ ಅಲ್ಲಿಗೆ ಬಂದವರು ಮರಳಿ ಹೋಗಲಿಲ್ಲ. ಮಕ್ಕಳು, ಮೊಮ್ಮಕ್ಕಳು ಅದನ್ನೇ ತಮ್ಮ ಊರೆಂದರು. ದೇವಾಲಯಗಳು, ಶಾಲೆಗಳು, ಆಸ್ಪತ್ರೆ ಬೆಳೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಆ ನಂತರ ನಡೆದದ್ದನ್ನು ಗಮನಿಸಿರಿ. ಕೆಲಸ ಹೋದ ಮೇಲೆ ಊರೂ ಖಾಲಿಯಾಗಬೇಕಾಗಿತ್ತು. ಕೆಲಸವೊಂದೇ ಕಾರಣವೆನ್ನುವವರ ಲೆಕ್ಕ ಹಾಗೆ ಹೇಳುತ್ತದೆ. ಹಲವರು ಹೋದದ್ದೂ ನಿಜ. ಆದರೆ ಸಾವಿರಾರು ಜನ ಮನೆಯನ್ನು ಅಲ್ಲಿಯೇ ಉಳಿಸಿಕೊಂಡು, ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ರೈಲಿನಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಮರಳುವುದನ್ನು ಆರಿಸಿಕೊಂಡರು. ಒಮ್ಮೆ ಆ ರೈಲಿನಲ್ಲಿ ಬಾಗಿಲ ಬಳಿ ನಿಂತಿದ್ದ ನನ್ನ ವಯಸ್ಸಿನವರೊಬ್ಬರನ್ನು, ದಿನಕ್ಕೆ ಐದು ಗಂಟೆ ಹೀಗೆ ಕಳೆಯುವ ಬದಲು ಬೆಂಗಳೂರಿನಲ್ಲೇ ಮನೆ ಮಾಡಬಾರದೇ ಎಂದು ಕೇಳಿದೆ. "ನಮ್ಮ ತಾತ ಕೆಲಸಕ್ಕೋಸ್ಕರ ಊರು ಬಿಟ್ಟರು ಸಾರ್. ಒಂದು ಮನೆತನಕ್ಕೆ ಒಂದು ಸಲ ಸಾಕು" ಎಂದರು. ಕೆಲಸವು ಮನುಷ್ಯನನ್ನು ಒಂದೆಡೆಗೆ ಕರೆದುಕೊಂಡು ಬರುತ್ತದೆ. ಅವನನ್ನು ಅಲ್ಲಿ ಹಿಡಿದಿಡುವುದು ಬೇರೆ ಏನೋ, ಬಹುಮಟ್ಟಿಗೆ ಸತ್ತವರ ಸಮಾಧಿಗಳು ಮತ್ತು ನೆರೆಯವರ ಹೆಸರುಗಳು.

ಇನ್ನು ಬದುಕಿನ ರೀತಿ. ನಗರದ ಬದುಕು ಎಂದೊಡನೆ ನಮ್ಮ ಪ್ರಬೋಧನೆಗಳಲ್ಲಿಯೂ ಲೇಖನಗಳಲ್ಲಿಯೂ ಷೋಕಿ, ಆಡಂಬರ, ಸಡಿಲವಾದ ನಡತೆ ಎಂದು ಖಂಡಿಸುವುದು ವಾಡಿಕೆ. ಈ ಮಾತಿಗೆ ನಾನು ಒಪ್ಪುವುದಿಲ್ಲ. ಹಳ್ಳಿಯಿಂದ ಬರುವ ಯುವಕ ಯುವತಿಯರಲ್ಲಿ ಎಷ್ಟೋ ಮಂದಿ ಹುಡುಕಿಕೊಂಡು ಬರುವುದು ಬಣ್ಣದ ದೀಪಗಳನ್ನಲ್ಲ, ತಮ್ಮನ್ನು ಯಾರೂ ಗುರುತಿಸದ ಒಂದು ಬೀದಿಯನ್ನು. ಹಳ್ಳಿಯಲ್ಲಿ ನೀವು ಇಂಥವರ ಮಗ, ಇಂಥ ಕೇರಿಯವರು. ನಿಮ್ಮ ಲೋಟ ಯಾವುದು, ನೀವು ಕುಳಿತುಕೊಳ್ಳುವ ಜಾಗ ಯಾವುದು ಎಂಬುದು ನೀವು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಕೊಂಡಾಡುವವರನ್ನು ಕಟುವಾಗಿ ಟೀಕಿಸಿದ್ದು ಈ ಅನುಭವದಿಂದಲೇ. ನಾವು ಕ್ರೈಸ್ತರು ಇದರಿಂದ ಹೊರಗಿನವರೇನಲ್ಲ. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಬಹುಕಾಲ ಜಾತಿಗೊಂದು ಕಡೆ ಕುಳಿತುಕೊಳ್ಳುವ ಪದ್ಧತಿಯಿತ್ತು, ಸತ್ತ ಮೇಲೆ ಮಣ್ಣು ಸೇರುವ ಜಾಗವೂ ಬೇರೆಯಾಗಿತ್ತು. ಇಂಥದ್ದರಿಂದ ಪಾರಾಗಲು ಬಸ್ಸು ಹತ್ತಿದ ಯುವಕನಿಗೆ ತಾಯಿನೆಲದ ಮಮತೆಯನ್ನು ಬೋಧಿಸಲು ನಮಗೆ ಬಾಯಿ ಹೇಗೆ ಬಂದೀತು? ನಗರವೇನೂ ಪುಣ್ಯಭೂಮಿಯಲ್ಲ, ಬಾಡಿಗೆಗೆ ಮನೆ ಕೇಳಲು ಹೋದಾಗ ಮಾಲೀಕರು ಹೆಸರು ಕೇಳಿ, ಊಟವೇನೆಂದು ಕೇಳಿ, ಮನೆ ಈಗಷ್ಟೇ ಹೋಯಿತು ಎನ್ನುವುದನ್ನು ನಿಮ್ಮಲ್ಲಿಯೂ ಕೆಲವರು ಅನುಭವಿಸಿರಬಹುದು. ಆದರೂ ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ, ಹೋಟೆಲಿನ ಮೇಜಿನಲ್ಲಿ ಒಬ್ಬನ ಪಕ್ಕ ಒಬ್ಬ ಕುಳಿತುಕೊಳ್ಳಲೇಬೇಕಾಗುತ್ತದೆ. ಈ ಅನಿವಾರ್ಯತೆಯಲ್ಲಿ ಒಂದಿಷ್ಟು ಬಿಡುಗಡೆಯಿದೆ.

ಹೀಗೆ ಹೊರಡುವವರ ಪರವಾಗಿ ಇಷ್ಟು ಹೇಳಿದ ಮೇಲೆ, ಅಮ್ಮನ ನಗುವಿಗೆ ಮರಳಬೇಕು.

ಪವಿತ್ರ ಬೈಬಲಿನಲ್ಲಿ ವಲಸೆಯ ಕಥೆಗಳು ಹಲವು. ಅವುಗಳಲ್ಲಿ ನನಗೆ ಹತ್ತಿರವಾದದ್ದು ರೂತಳ ಗ್ರಂಥ. ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಅರ್ಥ. ಆ ರೊಟ್ಟಿಯ ಮನೆಯಲ್ಲೇ ಬರಗಾಲ ಬಂದು, ಎಲಿಮೆಲೆಕ ಎಂಬುವನು ಹೆಂಡತಿ ನವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಪರದೇಶವಾದ ಮೋವಾಬಿಗೆ ಹೊರಡುತ್ತಾನೆ. ಗ್ರಂಥವು ಅವನನ್ನು ನಿಂದಿಸುವುದೂ ಇಲ್ಲ, ಹೊಗಳುವುದೂ ಇಲ್ಲ. ಹಸಿವಾಗಿತ್ತು, ಹೋದ. ಅಲ್ಲಿ ಅವನು ಸಾಯುತ್ತಾನೆ. ಸುಮಾರು ಹತ್ತು ವರ್ಷ ಕಳೆದ ಮೇಲೆ ಮಕ್ಕಳಿಬ್ಬರೂ ಸಾಯುತ್ತಾರೆ. ತಾನು ನಿರ್ಧರಿಸದ ಪ್ರಯಾಣದ ಫಲವನ್ನೆಲ್ಲ ಅನುಭವಿಸಲು ಉಳಿಯುವವಳು ನವೊಮಿ. ಗಣತಿಯ ನಮೂನೆಯಲ್ಲಿ ಬರೆಯುವುದಾದರೆ ಎಲಿಮೆಲೆಕನ ಮುಂದೆ ಕೆಲಸ ಎಂದು ಬರೆಯಬಹುದು. ನವೊಮಿಯ ಮುಂದೆ, ಕುಟುಂಬದೊಡನೆ. ನನ್ನ ತಾಯಿಯಂತೆಯೇ.

ನಮ್ಮ ದೇಶದಲ್ಲಿ 2011ರ ಗಣತಿಯಂತೆ ಹುಟ್ಟಿದ ಅಥವಾ ಹಿಂದೆ ವಾಸಿಸಿದ ಸ್ಥಳವನ್ನು ಬಿಟ್ಟು ಬಂದವರು ಸುಮಾರು 45 ಕೋಟಿ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರಲ್ಲಿ ಹೆಚ್ಚಿನವರು ಸ್ತ್ರೀಯರು, ಮತ್ತು ಅವರು ಕೊಟ್ಟ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ. ಹಣ, ಕೆಲಸ, ಬದುಕಿನ ರೀತಿ ಎಂದು ನಾವು ತೂಗಿ ನೋಡುತ್ತಿದ್ದೇವಲ್ಲಾ, ಆ ತಕ್ಕಡಿಯನ್ನು ಈ ಕೋಟ್ಯಂತರ ಜನರ ಕೈಗೆ ಯಾರೂ ಕೊಡಲೇ ಇಲ್ಲ. ಊರು ಬಿಡುವುದು ಸರಿಯೋ ತಪ್ಪೋ ಎಂಬುದು ಪ್ರಶ್ನೆಯೇ ಅಲ್ಲವೆಂದು ಈಗ ನನಗೆ ತೋರುತ್ತದೆ. ಬಿಡುವವನು ಯಾರನ್ನು ಕೇಳಿ ಬಿಟ್ಟ? ನಾನು 1998ರಲ್ಲಿ ಹೆಂಡತಿಗೆ ವಿಷಯ ತಿಳಿಸಿದೆ. ಅಮ್ಮನಿಗೆ ದಿನಾಂಕ ತಿಳಿಸಿದೆ. ಕೇಳಲಿಲ್ಲ. ಕೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಅದರಿಂದ ನನ್ನ ತಪ್ಪು ಚಿಕ್ಕದಾಗುವುದಿಲ್ಲ. ಹಿತ್ತಲಿನ ಮಲ್ಲಿಗೆ ಬಳ್ಳಿಯನ್ನೂ ತಮ್ಮ ವಯಸ್ಸಿನ ಗೆಳತಿಯರನ್ನೂ ಬಿಟ್ಟು, ಸುಮಾರು ಹದಿನೈದು ವರ್ಷ ಅವರು ಎರಡನೆಯ ಮಹಡಿಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿದರು.

ರೂತಳ ಕಾರಣವೇನು? ಮದುವೆ ಎನ್ನಲಾಗದು, ಗಂಡ ಸತ್ತಿದ್ದ. ಕೆಲಸವಲ್ಲ, ಬೆತ್ಲೆಹೇಮಿನಲ್ಲಿ ಅವಳಿಗೆ ಕಾದಿದ್ದದ್ದು ಪರರ ಹೊಲದಲ್ಲಿ ಹಕ್ಕಲಾಯುವುದು ಮಾತ್ರ. ಕುಟುಂಬದೊಡನೆ ಎನ್ನೋಣವೇ? ಅತ್ತೆಯೇ, ನಿನ್ನ ತಾಯಿಯ ಮನೆಗೆ ಮರಳಿ ಹೋಗು ಎಂದು ಪದೇ ಪದೇ ಹೇಳುತ್ತಿದ್ದಳು. ಶಿಕ್ಷಕಿಯಾದರೂ ಏನು ಮಾಡಿಯಾರು, "ಇತರೆ" ಎಂದೇ ಬರೆಯಬೇಕು. ಮುದುಕಿಯೊಬ್ಬಳು ಒಂಟಿಯಾಗಿ ನಡೆದು ಹೋಗಬಾರದೆಂದು ಒಬ್ಬಳು ತನ್ನ ದೇಶವನ್ನೇ ಬಿಟ್ಟಳು. ಗಣತಿಯ ಆ ಕೊನೆಯ ಅಂಕಿಯಲ್ಲಿ ನಮ್ಮ ದೇಶದಲ್ಲಿಯೂ ಇಂಥವರು ಎಷ್ಟು ಮಂದಿ ಅಡಗಿದ್ದಾರೋ!

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಮೇಲೆ ನಾವು ಕಂಡದ್ದನ್ನು ನೀವೂ ಮರೆತಿರಲಾರಿರಿ. ಕೆಲಸ ನಿಂತಿತು, ಕೂಲಿ ನಿಂತಿತು. ಹೆದ್ದಾರಿಗಳಲ್ಲಿ ಮೂಟೆ ಹೊತ್ತು, ಮಕ್ಕಳನ್ನು ಹೊತ್ತು ಜನ ನಡೆದರು. ಮೇ 1ರಿಂದ ಶ್ರಮಿಕ ರೈಲುಗಳು ಹೊರಟವು. ಮೇ 5ರಂದು ನಮ್ಮ ರಾಜ್ಯವು ರೈಲುಗಳು ಬೇಡವೆಂದಿತು. ತೀವ್ರ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಬದಲಿಸಬೇಕಾಯಿತು. ಬರುವಾಗ ಕಾರಣ ಕೇಳದವರು ಹೋಗುವಾಗ ಕಾರಣ ಕೇಳಿದರು. ನಮ್ಮ ಧರ್ಮಕೇಂದ್ರದ ಅಂಗಳದಲ್ಲಿ ಅನ್ನ ಬಡಿಸುತ್ತಿದ್ದಾಗ, ಕಟ್ಟಡ ಕೆಲಸಕ್ಕೆ ಬಂದಿದ್ದ ಯುವಕನೊಬ್ಬ ಊಟ ಮುಗಿಸಿ ಕೈ ತೊಳೆದು, ತಾನು ಇಟ್ಟಿಗೆ ಹೊತ್ತ ಬಹುಮಹಡಿ ಕಟ್ಟಡವನ್ನು ಬೆರಳಿನಿಂದ ತೋರಿಸಿದ. ಅಲ್ಲಿಂದಲೇ ಅದು ಕಾಣುತ್ತಿತ್ತು. ಮಾತು ಆಡಲಿಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಅವನ ಭಾಷೆ ಬರುತ್ತಿರಲಿಲ್ಲ.

ಅಮ್ಮ ತೀರಿಕೊಂಡದ್ದು 2014ರಲ್ಲಿ. ಊರಿನಲ್ಲೇ ಮಣ್ಣು ಮಾಡಬೇಕೆಂಬುದು ಅವರು ನನ್ನಲ್ಲಿ ಕೇಳಿದ ಒಂದೇ ವಿಷಯವಾಗಿತ್ತು. ಆ ಕೆಲಸ ಮುಗಿದ ಮರುದಿನ ಗುರುಗಳ ಕೊಠಡಿಯಲ್ಲಿ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕವನ್ನು ನೋಡುವ ಅವಕಾಶ ಸಿಕ್ಕಿತು. ನಿಮಗೆ ತಿಳಿದಿರಬಹುದು, ನಾವು ಯಾವ ಊರಿನಲ್ಲಿ ಮದುವೆಯಾದರೂ ಅದನ್ನು ನಮ್ಮ ಜ್ಞಾನಸ್ನಾನವಾದ ದೇವಾಲಯಕ್ಕೆ ತಿಳಿಸಬೇಕು. ಅಲ್ಲಿನ ಗುರುಗಳು ನಮ್ಮ ಹೆಸರಿನ ಪಕ್ಕದಲ್ಲಿ ಅದನ್ನು ಬರೆದಿಡಬೇಕು. ಇದು ಧರ್ಮಸಭೆಯ ನಿಯಮ. ಹಾಳೆಗಳನ್ನು ಮಗುಚುತ್ತಾ ಹೋದಂತೆ ಅಂಚಿನಲ್ಲಿ ಬೇರೆ ಬೇರೆ ಶಾಯಿಯ, ಬೇರೆ ಬೇರೆ ಕೈಬರಹದ ಊರುಗಳು: ಮೈಸೂರು, ಬೊಂಬಾಯಿ, ಭದ್ರಾವತಿ, ಬೆಂಗಳೂರು, ಬೆಂಗಳೂರು, ದುಬೈ, ಬೆಂಗಳೂರು. ಕೆಲವು ಹೆಸರುಗಳ ಪಕ್ಕದಲ್ಲಿ ಏನೂ ಇರಲಿಲ್ಲ. ನನ್ನೊಡನೆ ಜ್ಞಾನೋಪದೇಶ ಕಲಿತ ಗೆಳೆಯನ ಹೆಸರೂ ಅವುಗಳಲ್ಲಿತ್ತು. ಇವನು ಎಲ್ಲಿದ್ದಾನೆ ಎಂದು ಗುರುಗಳು ಕೇಳಿದರು. ಕೊನೆಯ ಸಲ ಅವನನ್ನು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕಂಡಿದ್ದೆ, ಅವಸರದಲ್ಲಿ ವಿಳಾಸ ಕೇಳಿರಲಿಲ್ಲ.